ಗೊನೆ ಬಿಟ್ಟ ಬಾಳೆ: ತಂತಿ, ಗೋಣಿ, ಕಿಟ್ಟ, ಹಾಳೆ ಸೇರಿಸಿ ಮಾಡುವ ಒಂದೂವರೆ ಅಡಿಯ ಗೊಂಬೆ

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮಾಡುವ ಗೊಂಬೆ ನೋಡುವುದಕ್ಕೆ ಮರದ್ದು, ಒಳಗೆ ಮಾತ್ರ ಐದಾರು ವಸ್ತುಗಳ ಕೂಟ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರು, ಮರದ ಹೊಟ್ಟು, ಅಂಟು ಕಲಸಿದ ಕಿಟ್ಟದಿಂದ ಮೈ ತುಂಬುತ್ತಾರೆ. ಸಂದುಗಳ ಮೇಲೆ ಹತ್ತಿಬಟ್ಟೆ ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ ಹಚ್ಚುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಸುಬು ಅದು. ಮನೆಯಲ್ಲಿ ಮಾಡಿ ‘ಕಿನ್ನಾಳದ ಗೊಂಬೆ’ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆದರೆ ಆ ಪದರಗಳ ಕ್ರಮವನ್ನು ಯಾರು ಬೇಕಾದರೂ ಕಲಿಯಬಹುದು. ಅದೇ ಕ್ರಮದಲ್ಲಿ ದಸರಾ ಗೊಂಬೆಗಳ ಪಕ್ಕ ನಿಲ್ಲಿಸುವಂಥ, ಗೊನೆ ಬಿಟ್ಟ ಬಾಳೆಗಿಡ ಮಾಡುವುದು ಹೇಗೆ ಎಂಬುದು ಇಲ್ಲಿದೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಮರ, ಬಟ್ಟೆ, ಅಡಿಕೆ ಹಾಳೆ, ಕಿಟ್ಟ ಇವುಗಳಲ್ಲಿ ಒಂದೊಂದೂ ಮಳೆಗಾಲದಲ್ಲಿ ಒಂದೊಂದು ಲೆಕ್ಕದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಂದೊಂದು ಲೆಕ್ಕದಲ್ಲಿ ಕುಗ್ಗುತ್ತದೆ. ತಂತಿಗೆ ಇದಾವುದೂ ತಟ್ಟುವುದೇ ಇಲ್ಲ. ಹಾಗಾಗಿ ಬಿರುಕು ಬರುವುದು ವಸ್ತುವಿನ ನಡುವೆ ಅಲ್ಲ, ಎರಡು ವಸ್ತು ಕೂಡುವ ಸಂದಿನಲ್ಲಿ. ಕೆಳಗೆ ಹೇಳಿರುವ ಅರ್ಧಕ್ಕರ್ಧ ಎಚ್ಚರಿಕೆಗಳು ಸಂದು ಕಾಯುವುದಕ್ಕೇ ಇರುವಂಥವು.

ಮೊದಲು ಗಿಡ ನೋಡಿ

ಬಾಳೆಗಿಡ ಎಲ್ಲರಿಗೂ ಗೊತ್ತು; ಆದ್ದರಿಂದಲೇ ತಪ್ಪಾಗುತ್ತದೆ. ಹಿತ್ತಲಲ್ಲೋ ತೋಟದಲ್ಲೋ ಗೊನೆ ಬಿಟ್ಟ ಗಿಡದ ಎದುರು ಹತ್ತು ನಿಮಿಷ ನಿಂತು ನಾಲ್ಕು ಸಂಗತಿ ಗುರುತು ಮಾಡಿಕೊಳ್ಳಿ.

ಗೊನೆ ಕಾಂಡದ ಪಕ್ಕದಿಂದ ಹೊರಡುವುದಿಲ್ಲ. ನೆತ್ತಿಯ ನಡುವಿನಿಂದ, ಎಲೆಗಳ ಮಧ್ಯೆ ಎದ್ದು, ಬಾಗಿ, ಕೆಳಗೆ ಇಳಿಯುತ್ತದೆ. ಕಾಂಡಕ್ಕೆ ಪಕ್ಕದಲ್ಲಿ ಅಂಟಿಸಿದ ಗೊನೆ ಗೋಡೆಗೆ ನೇತುಹಾಕಿದ ಚೀಲದಂತೆ ಕಾಣುತ್ತದೆ.

ಗೊನೆ ಕೆಳಮುಖವಾಗಿದ್ದರೂ ಕಾಯಿಗಳ ತುದಿ ಮೇಲ್ಮುಖ. ಇದನ್ನು ಉಲ್ಟಾ ಮಾಡದವರು ಕಡಿಮೆ. ಬುಡದ, ಅಂದರೆ ಗೊನೆ ಹೊರಟ ಕಡೆಯ ಚಿಪ್ಪಿನಲ್ಲಿ ಕಾಯಿ ಹೆಚ್ಚು ಮತ್ತು ದಪ್ಪ; ಹೂವಿನ ಕಡೆಗೆ ಬರುತ್ತಾ ಕಡಿಮೆಯಾಗುತ್ತದೆ.

ಗೊನೆ ಹಾಕಿದ ಗಿಡಕ್ಕೆ ಹೊಸ ಎಲೆ ಬರುವುದಿಲ್ಲ. ಸುರುಳಿ ಸುತ್ತಿದ ಸುಳಿಯನ್ನು ಅಂದಕ್ಕೆಂದು ತಾಯಿಗಿಡದ ನೆತ್ತಿಗೆ ಸಿಕ್ಕಿಸುವವರಿದ್ದಾರೆ. ತೋಟದವರು ನೋಡಿದರೆ ನಗುತ್ತಾರೆ. ಸುಳಿ ಬೇಕೆಂದರೆ ಬುಡದ ಮರಿಗೆ ಇಡಿ. ಮರಿಯ ಎಲೆ ಕಿರಿದಾಗಿ, ಕತ್ತಿಯ ಹಾಗಿರಲಿ.

ಕಾಂಡ ಎಂದು ನಾವು ಕರೆಯುವುದು ಎಲೆಯ ಬುಡದ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡಿರುವ ಕಟ್ಟು. ನಾವೂ ಹಾಗೇ ಕಟ್ಟುತ್ತೇವೆ. ಎಲೆಯ ತಂತಿಯನ್ನೇ ಕಾಂಡದುದ್ದಕ್ಕೆ ಇಳಿಸಿ ಕಟ್ಟಿದರೆ ಎಲೆ ಎಂದೂ ಕಳಚಿ ಬೀಳುವುದಿಲ್ಲ.

ಇಷ್ಟನ್ನು ಸರಿಯಾಗಿ ಹಿಡಿದರೆ ಮಿಕ್ಕಿದ್ದನ್ನು ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ಜನಪದ ಗೊಂಬೆಯಲ್ಲಿ ಗೊನೆ ಗಿಡದ ಅಳತೆಗಿಂತ ದೊಡ್ಡದಿರುವುದೇ ಚೆಂದ. ಎಲೆ ಹದಿನೈದು ಬೇಕಿಲ್ಲ, ಏಳು ಸಾಕು.

ಬೇಕಾದ ಸಾಮಾನು

ಪೀಠಕ್ಕೆ 7 ಇಂಚು ಚೌಕದ, 1 ಇಂಚು ದಪ್ಪದ ಮಾವಿನ ಹಲಗೆ. ಒಣಗಿದ್ದರೆ ಅರ್ಧ ಕೆ.ಜಿ. ಆಸುಪಾಸು ತೂಗುತ್ತದೆ, ಅಷ್ಟು ಭಾರ ಬೇಕೇ ಬೇಕು. ತಂತಿ ಎಲ್ಲವೂ ಸತುವು ಹಾಕಿದ ಜಿ.ಐ. ತಂತಿ: 14 ಗೇಜಿನದು (2 ಮಿ.ಮೀ.) ನಾಲ್ಕು ಅಡಿ, 18 ಗೇಜಿನದು (1.2 ಮಿ.ಮೀ.) ಹತ್ತು ಅಡಿ, ಕಟ್ಟುವುದಕ್ಕೆ 22 ಗೇಜಿನದು ಒಂದು ಸಣ್ಣ ಸುರುಳಿ. ಕಟ್ಟಡದವರು ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ತಂತಿ ಅಗ್ಗ, ಮೆದು, ಕೈಗೆ ಹಿತ. ಆದರೂ ಬೇಡ. ಅದಕ್ಕೆ ಸತುವಿನ ಲೇಪವಿಲ್ಲ. ಒದ್ದೆ ಅಂಟು ತಾಗಿದ ರಾತ್ರಿಯೇ ತುಕ್ಕು ಹಿಡಿಯುತ್ತದೆ. ಹುಣಸೆಬೀಜದ ಸಿಪ್ಪೆಯ ಒಗರು ಅಂಟಿನಲ್ಲಿ ಉಳಿದಿದ್ದರಂತೂ ಕಬ್ಬಿಣದ ಜತೆ ಸೇರಿ ಮಸಿಯಂಥ ಕಪ್ಪು ಬಿಡುತ್ತದೆ. ಆ ಕಲೆ ಬಿಳಿ ಲೇಪವನ್ನೂ ದಾಟಿ ಮೇಲೆ ಬರುತ್ತದೆ.

ಹಳೆಯ ಗೋಣಿಚೀಲ ಒಂದು. ಗಂಜಿ ಹೋಗುವಷ್ಟು ತೊಳೆದ ಹಳೆಯ ಬಿಳಿ ಪಂಚೆ ಅರ್ಧ. ತೆಳು ಮಲ್ ಬಟ್ಟೆ ಒಂದು ಕರ್ಚೀಫಿನಷ್ಟು. ಹೂ ಕಟ್ಟುವ ನೂಲು. ಒಣಗಿದ ಅಡಿಕೆ ಹಾಳೆ ಎರಡು. ಜರಡಿ ಹಿಡಿದ ಮರದ ಹೊಟ್ಟು ಎರಡು ಲೋಟ: ಮಾವು, ಸಿಲ್ವರ್ ಓಕ್ ಒಳ್ಳೆಯದು. ತೇಗದಲ್ಲಿ ಎಣ್ಣೆ ಇದೆ, ಅಂಟು ಸರಿಯಾಗಿ ಹಿಡಿಯದು. ಹಲಸಿನ ಹೊಟ್ಟು ಹಳದಿ ಬಿಡುತ್ತದೆ. ಬಣ್ಣದ ಅಂಗಡಿಯ ಚಾಕ್ ಪೌಡರ್ ಅರ್ಧ ಕೆ.ಜಿ., ಹುಣಸೆಬೀಜ ಕಾಲು ಕೆ.ಜಿ., ಮರಗೆಲಸದ ಫೆವಿಕಾಲ್ 100 ಗ್ರಾಂ. ಉಪ್ಪುಕಾಗದ 120, 180, 320 ನಂಬರಿನವು.

ಹುಣಸೆಬೀಜದ ಅಂಟು

ಬೀಜವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿಯಿರಿ, ಹತ್ತು ನಿಮಿಷ. ಒಳಗಿನ ಬೇಳೆ ಕೆಂಪಾಗಬಾರದು. ಕೆಂಪಾದಷ್ಟೂ ಅಂಟು ಕಡಿಮೆ. ಒರಳಿಗೆ ಹಾಕಿ ಹಗುರಾಗಿ ಕುಟ್ಟಿದರೆ ಸಿಪ್ಪೆ ಬಿಡುತ್ತದೆ. ಮೊರದಲ್ಲಿ ಕೇರಿ, ಉಳಿದ ಸಿಪ್ಪೆಯ ಚೂರನ್ನು ಕೈಯಲ್ಲೇ ಆರಿಸಿ ತೆಗೆಯಿರಿ. ಬೇಸರದ ಕೆಲಸ ನಿಜ, ಮೇಲೆ ಹೇಳಿದ ಕಪ್ಪು ಕಲೆ ಇಲ್ಲಿಂದಲೇ ಬರುವುದು. ಕಾಲು ಕೆ.ಜಿ. ಬೀಜಕ್ಕೆ ಸುಮಾರು 150 ಗ್ರಾಂ ಬೇಳೆ ದಕ್ಕುತ್ತದೆ.

ಬೇಳೆಯನ್ನು ಒಂದು ರಾತ್ರಿ, ಒಂದು ಹಗಲು ನೆನೆಸಿ. ನೆನೆಯದ ಬೇಳೆ ಕಲ್ಲಿನಷ್ಟು ಗಟ್ಟಿ, ಮಿಕ್ಸಿಯ ಬ್ಲೇಡು ಉಳಿಯುವುದಿಲ್ಲ. ನೆಂದದ್ದನ್ನು ದೋಸೆಹಿಟ್ಟಿಗಿಂತ ನುಣ್ಣಗೆ ರುಬ್ಬಿ. ಪೂರ್ತಿ ಒಂದೇ ಸಲ ಬೇಯಿಸಬೇಡಿ, ಅಂಟು ಹೊರಗಿಟ್ಟರೆ ಎರಡನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಅರ್ಧ ಹಿಟ್ಟು ಫ್ರಿಜ್ಜಿಗೆ ಹೋಗಲಿ, ಅದನ್ನೂ ಎರಡು ಮೂರು ದಿನದೊಳಗೆ ಮುಗಿಸಿ. ಇನ್ನರ್ಧಕ್ಕೆ 600 ಮಿ.ಲೀ. ತಣ್ಣೀರು ಕದಡಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹಾಲುಬಿಳುಪು ಹೋಗಿ ಗಂಜಿಯಂತೆ ಹೊಳಪು ಬರುತ್ತದೆ. ಸೌಟು ಎತ್ತಿದರೆ ಹನಿ ಹನಿಯಾಗಿ ಬೀಳದೆ ಹಾಳೆಯಾಗಿ ಇಳಿಯಬೇಕು. ಆರಿದ ಮೇಲೆ ಒಂದು ಚಮಚ ಬೋರಿಕ್ ಪುಡಿ ಬೆರೆಸಿ. ಇಲ್ಲವಾದರೆ ಜಿರಲೆಗೆ ನೀವು ಊಟ ಬಡಿಸಿದಂತೆ. ಬೋರಿಕ್ ಹಾಕಿದ ಅಂಟು ಮಕ್ಕಳ ಕೈಗೆ ಸಿಗದಿರಲಿ, ಅಡಿಗೆಯ ಪಾತ್ರೆಯಲ್ಲಿ ಇಡಬೇಡಿ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುವುದುಂಟು. ಇಲ್ಲಿ ಅದು ಸಲ್ಲ: ಮೈಲುತುತ್ತ ತಂತಿಯ ಸತುವನ್ನು ತಿಂದುಬಿಡುತ್ತದೆ.

ಎಲ್ಲವನ್ನೂ ಫೆವಿಕಾಲಿನಲ್ಲೇ ಮುಗಿಸಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮುಗಿಸಬಹುದು. ಆದರೆ ಫೆವಿಕಾಲಿನ ಕಿಟ್ಟ ರಬ್ಬರಿನಂತಾಗುತ್ತದೆ, ಉಜ್ಜುವಾಗ ಬಿಸಿಗೆ ಮೆತ್ತಗಾಗಿ ಉಪ್ಪುಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಹುಣಸೆ ಅಂಟಿನದು ಮರದಂತೆ ಉಜ್ಜಿಸಿಕೊಳ್ಳುತ್ತದೆ. ಫೆವಿಕಾಲ್ ಸಂದುಗಳಿಗೆ ಮತ್ತು ಬಿಳಿ ಲೇಪಕ್ಕೆ ಇರಲಿ.

ಎಲುಬು

14 ಗೇಜಿನ ತಂತಿಯಲ್ಲಿ 12 ಇಂಚಿನ ಎರಡು, 19 ಇಂಚಿನ ಒಂದು ತುಂಡು ಕತ್ತರಿಸಿ. ಹಲಗೆಯ ನಡುವೆ ಒಂದೊಂದು ಇಂಚು ಅಂತರದಲ್ಲಿ ತ್ರಿಕೋನವಾಗಿ ಮೂರು ತೂತು, 2 ಮಿ.ಮೀ.ನವು, ಕೊರೆಯಿರಿ. ತಂತಿಗಳನ್ನು ಮೇಲಿನಿಂದ ಇಳಿಸಿ, ಹಲಗೆಯ ಅಡಿಯಲ್ಲಿ ಒಂದು ಇಂಚು ಮಡಚಿ, ಉಳಿಯಿಂದ ತೋಡಿದ ಸಣ್ಣ ಕಾಲುವೆಯಲ್ಲಿ ಕೂರಿಸಿ ಯು-ಮೊಳೆ ಹೊಡೆಯಿರಿ. ಒಂದೇ ದಪ್ಪ ತಂತಿಯನ್ನು ಒಂದೇ ತೂತಿಗೆ ನೆಟ್ಟರೆ ಗಿಡ ನಿಲ್ಲುತ್ತದೆ, ಆದರೆ ಕೈ ತಾಗಿದಾಗಲೆಲ್ಲ ತಿರುಗುತ್ತದೆ. ತಿರುಗಿದರೆ ಬುಡದ ಕಿಟ್ಟ ಬಿರಿಯುತ್ತದೆ. ಮೂರು ಕಾಲಿನದು ತಿರುಗುವುದಿಲ್ಲ.

ಮೂರೂ ತಂತಿ ಮೇಲೆ ಹೋಗುತ್ತಾ ಹತ್ತಿರವಾಗಿ 9 ಇಂಚು ಎತ್ತರದಲ್ಲಿ ಸೇರಲಿ. ಅಲ್ಲಿ 22 ಗೇಜಿನ ತಂತಿಯಿಂದ ಎಂಟು ಹತ್ತು ಸುತ್ತು ಬಿಗಿಯಿರಿ. ಕಾಂಡದ ಇಳಿಜಾರು ತಾನಾಗೇ ಬರುತ್ತದೆ. ಉದ್ದದ ತಂತಿ ನೆತ್ತಿಯಿಂದ ಇನ್ನೂ 8 ಇಂಚು ಮಿಕ್ಕಿರುತ್ತದೆ. ಅದೇ ಗೊನೆಯ ದಿಂಡು: ಒಂದೂವರೆ ಇಂಚು ನೇರ ಏರಿ, ಗುಂಡಗೆ ಬಾಗಿ, ಕಾಂಡದಿಂದ ಎರಡೂವರೆ ಇಂಚು ದೂರದಲ್ಲಿ ಇಳಿಯಲಿ. ಜೋಡಿ ಗಿಡ ಮಾಡುವುದಾದರೆ ಒಂದರ ಗೊನೆ ಎಡಕ್ಕೆ, ಇನ್ನೊಂದರದು ಬಲಕ್ಕೆ. ಮಂಟಪದ ಎರಡು ಕಂಬಕ್ಕೆ ಬಾಳೆ ಕಟ್ಟಿದ ಹಾಗೆ, ನಡುವೆ ಪಟ್ಟದ ಗೊಂಬೆ ಕೂರುತ್ತದೆ.

ತಂತಿಗೆಲ್ಲ ನೂಲು ಸುತ್ತಿ. ಇದನ್ನು ಬಿಟ್ಟವರ ಕೆಲಸ ಆರು ತಿಂಗಳಲ್ಲಿ ಬಿಚ್ಚಿಕೊಳ್ಳುತ್ತದೆ. ನುಣುಪಾದ ಸತುವಿಗೆ ಯಾವ ಅಂಟೂ ಹಿಡಿಯದು. ನೂಲಿಗೆ ಹಿಡಿಯುತ್ತದೆ, ನೂಲು ತಂತಿಯನ್ನು ಹಿಡಿದಿರುತ್ತದೆ.

ಎಲೆ

ಏಳು ತುಂಡು 18 ಗೇಜಿನ ತಂತಿ, ತಲಾ 12 ಇಂಚು. ಇದರಲ್ಲಿ 7 ಇಂಚು ಎಲೆಯ ನಡುದಂಟು, ಉಳಿದ 5 ಇಂಚು ಕಾಂಡಕ್ಕೆ ಇಳಿಯುವ ಭಾಗ. ನೂಲು ಸುತ್ತಿಡಿ. ಮರಿಗಳಿಗೆ 6 ಇಂಚಿನ ನಾಲ್ಕು ತುಂಡು ಬೇರೆ.

ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ. ಪಂಚೆಯ ಬಟ್ಟೆಯನ್ನು 8 ಇಂಚು ಉದ್ದ, 3 ಇಂಚು ಅಗಲದ ಜೋಡಿ ತುಂಡುಗಳಾಗಿ ಕತ್ತರಿಸಿ. ಒಂದು ತುಂಡಿಗೆ ಅಂಟು ಬಳಿದು, ನಟ್ಟನಡುವೆ ತಂತಿ ಇಟ್ಟು, ಅದರ ಎರಡೂ ಕಡೆಗೆ ನೂಲಿನ ತುಂಡುಗಳನ್ನು ಕಾಲು ಇಂಚಿಗೊಂದರಂತೆ ಜೋಡಿಸಿ, ತುದಿಯ ಕಡೆಗೆ ಸ್ವಲ್ಪವೇ ಓರೆಯಾಗಿ. ಮೇಲೆ ಎರಡನೆಯ ತುಂಡು ಹಾಸಿ ಹೆಬ್ಬೆರಳಿನಿಂದ ತಂತಿಯ ಪಕ್ಕಕ್ಕೆ, ನೂಲಿನ ಪಕ್ಕಕ್ಕೆ ಒತ್ತುತ್ತಾ ಹೋಗಿ. ಗಾಳಿಗುಳ್ಳೆ ಉಳಿದರೆ ಅಲ್ಲಿ ಬಟ್ಟೆ ಮುಂದೆ ಹಪ್ಪಳದ ಹಾಗೆ ಏಳುತ್ತದೆ. ನೂಲು ಎಲೆಯ ನರ. ಅದು ಬರೀ ಅಂದಕ್ಕಲ್ಲ: ಸಪಾಟು ಹಸಿರು ಬಣ್ಣ ಬಳಿದ ಮೇಲೂ ಅದರ ನೆರಳು ಬೀಳುತ್ತದೆ, ಬಣ್ಣದಲ್ಲಿ ನರ ಬಿಡಿಸುವ ಕೆಲಸ ತಪ್ಪುತ್ತದೆ.

ಕತ್ತರಿಸುವ ಹದ ಮುಖ್ಯ. ಒದ್ದೆಯಲ್ಲಿ ಕತ್ತರಿಸಿದರೆ ಅಂಚಿನ ಎಳೆ ಬಿಚ್ಚುತ್ತದೆ. ಪೂರ್ತಿ ಒಣಗಿದ ಮೇಲೆ ಬಾಗಿಸಿದರೆ ಅಂಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆ ಬಿಟ್ಟು, ಬಟ್ಟೆ ಚಕ್ಕಳದಂತೆ ಬಳುಕುವಾಗ, 2 ಇಂಚು ಅಗಲದ ಎಲೆಯ ಆಕಾರಕ್ಕೆ ಕತ್ತರಿಸಿ. ಕುಡಿ ಮೊನಚಾಗದೆ ಗುಂಡಗಿರಲಿ. ಆಗಲೇ ದಂಟನ್ನು ಬಾಗಿಸಿ, ಎರಡು ರೆಕ್ಕೆಯನ್ನು ದಂಟಿನಿಂದ ಕೊಂಚ ಕೆಳಕ್ಕೆ ಇಳಿಸಿ, ಒಂದು ಬಾಟಲಿಯ ಬೆನ್ನಿನ ಮೇಲೆ ಮಲಗಿಸಿ ಒಣಗಿಸಿ. ಗಾಳಿಗೆ ಸೀಳಿದ ಎಲೆ ಬೇಕಿದ್ದರೆ ನರದ ನೇರಕ್ಕೆ ಮೂರು ನಾಲ್ಕು ಕಡೆ ಕತ್ತರಿ ಹಾಕಿ, ಸೀಳುಗಳನ್ನು ಒಂದು ಮೇಲೆ ಒಂದು ಕೆಳಗೆ ತಿರುಚಿ. ಏಳರಲ್ಲಿ ಎರಡಕ್ಕೆ ಸಾಕು. ಎಲ್ಲವನ್ನೂ ಸೀಳಿದರೆ ತೆಂಗಿನ ಗರಿಯಾಗುತ್ತದೆ.

ಮರಿಯ ಸುಳಿಗೆ ಅಂಟು ಬಳಿದ ಬಟ್ಟೆಯನ್ನು ಅಂಗಡಿಯವರು ಕಡಲೆಕಾಯಿ ಕಟ್ಟುವ ಪೊಟ್ಟಣದಂತೆ ಓರೆಯಾಗಿ ಸುತ್ತಿ, ತಂತಿಗೆ ಸಿಕ್ಕಿಸಿ.

ಕಾಂಡ

ಎಲೆಗಳ ಬಾಲವನ್ನು ನೆತ್ತಿಯಿಂದ ಕೆಳಕ್ಕೆ ಎಲುಬಿಗೆ ಒರಗಿಸಿ ಎರಡೆರಡು ಕಡೆ ತಂತಿಯಿಂದ ಕಟ್ಟಿ. ಒಂದರ ನೇರಕ್ಕೆ ಇನ್ನೊಂದು ಬೇಡ. ಪ್ರತಿ ಎಲೆಯೂ ಹಿಂದಿನದಕ್ಕಿಂತ ಅರ್ಧ ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಲಿ, ಕಾಲು ಇಂಚು ಮೇಲೇರಲಿ. ಗೊನೆ ಇಳಿಯುವ ಕಡೆ ಎಲೆಯಿಲ್ಲದ ಜಾಗ ಉಳಿಸಿ.

ಗೋಣಿಯನ್ನು ಒಂದೂವರೆ ಇಂಚಿನ ಪಟ್ಟಿಗಳಾಗಿ ಕತ್ತರಿಸಿ, ಅಂಟಿನಲ್ಲಿ ಅದ್ದಿ, ಹಿಂಡಿ, ಬುಡದಿಂದ ಮೇಲಕ್ಕೆ ಸುತ್ತಿ. ಬುಡ ಒಂದೂವರೆ ಇಂಚು, ನೆತ್ತಿ ಒಂದು ಇಂಚು ದಪ್ಪಕ್ಕೆ ಬರುವವರೆಗೆ ಎರಡು ಮೂರು ಸುತ್ತಿನ ಪದರ. ಒಂದು ಪದರಕ್ಕೂ ಇನ್ನೊಂದಕ್ಕೂ ಒಂದು ದಿನ ಬಿಡಿ. ಒಟ್ಟಿಗೆ ಸುತ್ತಿದರೆ ಒಳಗಿನ ತೇವ ಹೊರಗೆ ಬರಲಾರದೆ ಬೂಷ್ಟು ಹಿಡಿಯುತ್ತದೆ.

ಇನ್ನು ಹಾಳೆ. ಅಡಿಕೆ ಹಾಳೆಯನ್ನು ಮುಕ್ಕಾಲು ಗಂಟೆ ನೀರಲ್ಲಿ ಮುಳುಗಿಸಿದರೆ ಚರ್ಮದಂತೆ ಬಾಗುತ್ತದೆ, ಒಣಗಿದ ಮೇಲೆ ಬಾಗಿದ ಆಕಾರದಲ್ಲೇ ನಿಲ್ಲುತ್ತದೆ. ಒಳಮೈಯಲ್ಲಿ ತೆಳು ಪೊರೆಯಿದೆ. ಅದನ್ನು ಉಗುರಿನಿಂದ ಎಬ್ಬಿಸಿ ಸುಲಿದುಬಿಡಿ. ಇಲ್ಲದಿದ್ದರೆ ಅಂಟು ಪೊರೆಗೆ ಹಿಡಿದು, ಪೊರೆ ಹಾಳೆಯನ್ನು ಬಿಟ್ಟು ಬರುತ್ತದೆ. ಎರಡೂ ಮೈಯನ್ನು 120ರ ಉಪ್ಪುಕಾಗದದಿಂದ ಒರಟು ಮಾಡಿ. ಮುಕ್ಕಾಲು ಇಂಚು ಅಗಲ, 6ರಿಂದ 9 ಇಂಚು ಉದ್ದದ ಏಳೆಂಟು ಪಟ್ಟೆ ಕತ್ತರಿಸಿ, ಹಿಂಬದಿಗೆ ಫೆವಿಕಾಲ್ ಹಚ್ಚಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಕಾಂಡಕ್ಕೆ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ರಾತ್ರಿ ಬಿಡಿ. ಹಾಳೆಯ ನಾರು ಮೇಲಿಂದ ಕೆಳಕ್ಕೆ ಓಡುವಂತಿರಲಿ. ಅಡ್ಡ ಇಟ್ಟರೆ ಬಾಗುವಾಗ ಸೀಳುತ್ತದೆ.

ಕಿಟ್ಟ ಮತ್ತು ಗೊನೆ

ಹೊಟ್ಟು ಎರಡು ಲೋಟ, ಕಾಲು ಇಂಚಿಗೆ ಕತ್ತರಿಸಿ ಕುಟ್ಟಿ ಹಿಂಜಿದ ಗೋಣಿನಾರು ಒಂದು ಲೋಟ, ಚಾಕ್ ಪೌಡರ್ ಅರ್ಧ ಲೋಟ. ಒಣಗಿದ್ದಾಗಲೇ ಕಲೆಸಿ, ಅಂಟನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ನಾದಿ. ಒಂದು ಲೋಟದಿಂದ ಒಂದೂಕಾಲು ಲೋಟ ಹಿಡಿಯುತ್ತದೆ. ಚಪಾತಿ ಹಿಟ್ಟಿನ ಹದ. ಉಂಡೆ ಕಟ್ಟಿ ಅಂಗೈಯಲ್ಲಿ ಒತ್ತಿದರೆ ಅಂಚು ಬಿರಿದರೆ ಅಂಟು ಸಾಲದು. ಕೈಗೆ ಮೆತ್ತಿದರೆ ಹೆಚ್ಚಾಯಿತು. ಹೆಚ್ಚಾದ ಕಿಟ್ಟ ಒಣಗುವಾಗ ಕುಗ್ಗಿ ಬಿರುಕು ಬಿಡುವುದು ಖಚಿತ. ನೀರು ಹಾಕಿ ಸಡಿಲ ಮಾಡುವ ಚಾಳಿಯಂತೂ ಬೇಡವೇ ಬೇಡ. ಒದ್ದೆ ಬಟ್ಟೆ ಮುಚ್ಚಿಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನಾದಿ.

ಕಾಯಿಗಳು ಮೂವತ್ತು: ಮೇಲಿನ ಎರಡು ಚಿಪ್ಪಿಗೆ ಏಳೇಳು, ನಡುವಿನದಕ್ಕೆ ಆರು, ಕೆಳಗಿನ ಎರಡಕ್ಕೆ ಐದೈದು. ಶೇಂಗಾಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆ, ಸುಮಾರು ಒಂದು ಗ್ರಾಂ, ತೆಗೆದುಕೊಂಡು ಒಂದು ಇಂಚು ಉದ್ದಕ್ಕೆ, ಪೆನ್ಸಿಲಿಗಿಂತ ಸಪೂರಕ್ಕೆ ಹೊಸೆಯಿರಿ. ಕಿರುಬೆರಳಿನ ಮೇಲಿಟ್ಟು ಬಾಗಿಸಿ, ತುದಿ ಚಿವುಟಿ. ಬಾಳೆಕಾಯಿ ಗುಂಡಗಿರುವುದಿಲ್ಲ, ಏಣು ಇರುತ್ತದೆ. ಹೆಬ್ಬೆರಳು ತೋರುಬೆರಳಿನಿಂದ ಉದ್ದಕ್ಕೆ ಒಂದು ಸಲ ಸವರಿದರೆ ಏಣು ಮೂಡುತ್ತದೆ. ಮೂವತ್ತೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಸಮ ಇರಬೇಕಿಲ್ಲ.

ಒಂದೊಂದೇ ಕಾಯಿಯನ್ನು ದಿಂಡಿಗೆ ಅಂಟಿಸಲು ಹೋದರೆ ಹತ್ತನೆಯದು ಇಡುವಾಗ ಮೊದಲನೆಯದು ಬೀಳುತ್ತದೆ. ಚಿಪ್ಪಾಗಿ ಕಟ್ಟಿಕೊಳ್ಳಿ. ಅರ್ಧ ಇಂಚಿಗಿಂತ ಕಿರಿದಾದ ಮಲ್ ಬಟ್ಟೆಯ ಪಟ್ಟಿಗೆ ಅಂಟು ಬಳಿದು, ಕಾಯಿಗಳ ತೊಟ್ಟಿನ ಕಡೆಯನ್ನು ಒತ್ತಾಗಿ ಸಾಲಿಡಿ, ತುದಿಗಳೆಲ್ಲ ಒಂದೇ ಕಡೆ ನೋಡಲಿ. ಅರ್ಧ ಒಣಗಲು ಬಿಡಿ. ಅಷ್ಟರಲ್ಲಿ ದಿಂಡಿಗೆ ಅಂಟಿನಲ್ಲದ್ದಿದ ಗೋಣಿದಾರ ಸುತ್ತಿ: ಮೇಲ್ಗಡೆ ಅರ್ಧ ಇಂಚು ದಪ್ಪ, ಕೆಳಕ್ಕೆ ಬರುತ್ತಾ ಪೆನ್ಸಿಲಿನಷ್ಟು. ಈ ಅಳತೆಯಲ್ಲಿ ಏಳು ಕಾಯಿಯ ಪಟ್ಟಿ ಮೇಲೆ ಸರಿಯಾಗಿ ಒಂದು ಸುತ್ತು ಬರುತ್ತದೆ, ಐದರದು ಕೆಳಗೆ. ಸುತ್ತುವುದನ್ನು ಹೂವಿನ ಕಡೆಯಿಂದ ಶುರು ಮಾಡಿ, ತುದಿಗಳು ಆಕಾಶ ನೋಡುವಂತೆ. ಚಿಪ್ಪಿಗೂ ಚಿಪ್ಪಿಗೂ ಅರ್ಧ ಇಂಚಿಗೆ ಸ್ವಲ್ಪ ಹೆಚ್ಚು ಅಂತರ. ಪ್ರತಿ ಪಟ್ಟಿಯ ಬಾಯಿ ಹಿಂದಿನದರ ಬಾಯಿಯ ನೇರಕ್ಕೆ ಬಾರದಂತೆ ಸರಿಸುತ್ತಾ ಹೋದರೆ ಗೊನೆಗೆ ಸುರುಳಿಯ ಓಟ ಬರುತ್ತದೆ.

ಹೂವಿಗೆ ಒಂದೂವರೆ ಇಂಚಿನ, ನೀರುಹನಿಯ ಆಕಾರದ ಕಿಟ್ಟದ ಗಟ್ಟಿ. ಒಳಗೆ ದಿಂಡಿನ ತಂತಿಯ ತುದಿ ಗುಂಡಗೆ ಮಡಚಿರಬೇಕು; ನೇರ ತುದಿಯಿಂದ ಹೂವು ಜಾರುತ್ತದೆ. ಗಟ್ಟಿ ಒಣಗಿದ ಮೇಲೆ ನೆನೆಸಿದ ಹಾಳೆಯ ನಾಲ್ಕು ದಳ ಹೊದಿಸಿ, ಒಂದನ್ನು ಮಾತ್ರ ಮೇಲಕ್ಕೆ ಸುರುಳಿ ಬಿಡಿಸಿ ಪೆನ್ಸಿಲಿಗೆ ಸುತ್ತಿ ಒಣಗಿಸಿ. ಆ ಒಂದು ದಳದ ಅಡಿಯಲ್ಲಿ ಸಾಸಿವೆಯಷ್ಟು ದಪ್ಪದ ನೂಲಿನ ಗಂಟುಗಳನ್ನು ಸಾಲಾಗಿ ಅಂಟಿಸಿದರೆ ಹೂಗಾಯಿಗಳಾದವು. ದೂರಕ್ಕೆ ಕಾಣದ ಕೆಲಸವಿದು, ಆದರೆ ಕೈಗೆತ್ತಿಕೊಂಡವರು ಮೊದಲು ತೋರಿಸುವುದು ಇದನ್ನೇ.

ಕಾಂಡದ ಬುಡಕ್ಕೆ ಕಿಟ್ಟದಿಂದ ಮಣ್ಣಿನ ದಿಬ್ಬ ಮಾಡಿ, ಮರಿಗಳನ್ನು ಗೊನೆಯ ಎದುರು ಬದಿಗೆ ನೆಡಿ. ನೋಟಕ್ಕೂ ಸರಿ, ತೂಕಕ್ಕೂ ಸರಿ. ಕಿಟ್ಟ ಎಲ್ಲೂ ಒಂದೇ ಸಲಕ್ಕೆ 5 ಮಿ.ಮೀ.ಗಿಂತ ದಪ್ಪ ಬೇಡ. ದಿಬ್ಬ ಎತ್ತರ ಬೇಕಿದ್ದರೆ ಒಳಗೆ ತೆಂಗಿನ ಚಿಪ್ಪಿನ ಚೂರು ಇಟ್ಟು ಮೇಲೆ ಮೆತ್ತಿ.

ಒಣಗಿತೋ ಇಲ್ಲವೋ

ನೆರಳಲ್ಲಿ, ಗಾಳಿಯಾಡುವ ಕಡೆ ಒಣಗಿಸಿ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಿ ಎಳೆಯುತ್ತದೆ, ಆಗ ಬಿರುಕು. ಮುಟ್ಟಿ ನೋಡಿದರೆ ಒಣಗಿದಂತೆಯೇ ಇರುತ್ತದೆ. ಆದ್ದರಿಂದ ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಎಂದರ್ಥ. ಇದಕ್ಕಿಂತ ನಂಬಿಕೆಯದು ತಕ್ಕಡಿ: ದಿನಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿತು. ಒಳನಾಡಿನ ಬೇಸಿಗೆಯಲ್ಲಿ ಐದು ದಿನ. ಮಲೆನಾಡು, ಕರಾವಳಿಯ ಆಷಾಢದಲ್ಲಿ ಎಷ್ಟು ದಿನವಾದರೂ ಒಣಗದು. ದಸರೆಗೆ ಬೇಕಾದ ಗಿಡವನ್ನು ಮಾಘ–ಫಾಲ್ಗುಣದಲ್ಲೇ ಹಿಡಿಯುವುದು ಜಾಣತನ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಒಲೆಯ ಮೇಲಿನ ಅಟ್ಟ ಒಂದೇ ದಾರಿ.

ಬಿರುಕು ಬಿಟ್ಟರೆ ಸಡಿಲ ಕಿಟ್ಟ ಸವರಿ ಮುಚ್ಚಬೇಡಿ, ಅದೂ ಕುಗ್ಗುತ್ತದೆ. ಬಿರುಕಿನ ಅಂಚು ಒದ್ದೆ ಮಾಡಿ, ಗಟ್ಟಿ ಕಿಟ್ಟವನ್ನು ಚೂಪು ಕಡ್ಡಿಯಿಂದ ಗಿಡಿಯಿರಿ. 2 ಮಿ.ಮೀ.ಗಿಂತ ಅಗಲವಿದ್ದರೆ ಮೇಲೊಂದು ಬಟ್ಟೆಯ ತೇಪೆ.

ಸಂದಿಗೆ ಬಟ್ಟೆ

ಎಲ್ಲ ಒಣಗಿ 120ರಲ್ಲಿ ಉಜ್ಜಿದ ಮೇಲೆ ಮಲ್ ಬಟ್ಟೆಯನ್ನು ಅರ್ಧ ಇಂಚಿನ ಪಟ್ಟಿ ಮಾಡಿ ಸಂದುಗಳಿಗೆಲ್ಲ ಅಂಟಿಸಿ: ದಿಬ್ಬ ಹಲಗೆಯನ್ನು ಕೂಡುವ ಸುತ್ತು, ಎಲೆಯ ದಂಟು ಕಾಂಡ ಸೇರುವ ಏಳು ಜಾಗ, ದಿಂಡು ನೆತ್ತಿಯಿಂದ ಹೊರಡುವ ಕೊರಳು, ಹಾಳೆಯ ಅಂಚು ಕಿಟ್ಟಕ್ಕೆ ತಾಗುವಲ್ಲಿ. ಪಟ್ಟಿಯ ಅಂಚನ್ನು ಕತ್ತರಿಯಿಂದ ನೇರ ಕತ್ತರಿಸದೆ ಕೈಯಿಂದ ಹರಿದರೆ ಎಳೆಗಳು ಹರಡಿ ಲೇಪದಡಿ ಗೆರೆ ಕಾಣುವುದಿಲ್ಲ. ಒಳಗೆ ಕೂದಲೆಳೆಯ ಬಿರುಕು ಬಂದರೂ ಬಟ್ಟೆ ಎರಡೂ ಕಡೆಯನ್ನು ಹಿಡಿದಿರುತ್ತದೆ, ಬಣ್ಣಕ್ಕೆ ತಲುಪುವುದಿಲ್ಲ. ಕಿನ್ನಾಳದವರು ಸಂದಿಗೆ ಬಟ್ಟೆ ಹಾಕುವ ಗುಟ್ಟು ಇಷ್ಟೇ. ಮನೆಯಲ್ಲಿ ಮಾಡುವವರು ಮೊದಲು ಕೈಬಿಡುವ ಹಂತವೂ ಇದೇ.

ಬಿಳಿ ಲೇಪ

ಫೆವಿಕಾಲ್ ಒಂದು ಪಾಲು, ನೀರು ಎರಡು ಪಾಲು. ಅದಕ್ಕೆ ದೋಸೆಹಿಟ್ಟಿನ ಹದ ಬರುವಷ್ಟು ಚಾಕ್ ಪೌಡರ್. ಸೋಸಿ. ಕಾಂಡ, ದಿಬ್ಬ, ಗೊನೆಗೆ ನಾಲ್ಕು ತೆಳು ಕೋಟು: ಒಂದು ಅಡ್ಡ, ಒಂದು ಉದ್ದ. ಕೊನೆಯ ಎರಡು ಕೋಟಿಗೆ ಫೆವಿಕಾಲ್ ಇನ್ನೂ ಸ್ವಲ್ಪ ಕಡಿಮೆ ಮಾಡಿ. ಮೇಲಿನ ಪದರ ಕೆಳಗಿನದಕ್ಕಿಂತ ಗಟ್ಟಿ ಅಂಟಿನದಾದರೆ ಒಣಗುವಾಗ ಕೆಳಗಿನದನ್ನು ಎಳೆದು ಸಿಪ್ಪೆ ಏಳಿಸುತ್ತದೆ. 180ರಲ್ಲಿ, ಆಮೇಲೆ 320ರಲ್ಲಿ ಉಜ್ಜಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಎಲೆಗೆ ಎರಡೇ ಕೋಟು, ಫೆವಿಕಾಲ್ ಒಂದಕ್ಕೆ ನೀರು ಒಂದು. ಎಲೆ ಬಳುಕುತ್ತದೆ, ಅದರ ಲೇಪವೂ ಬಳುಕಬೇಕು. ನೂಲಿನ ನರ ಮುಚ್ಚಿಹೋಗುವಷ್ಟು ಬಳಿಯಬೇಡಿ.

ಉಬ್ಬು ಕೆಲಸ ಬೇಕಿದ್ದರೆ ಇದೇ ಹಂತದಲ್ಲಿ. ಚಾಕ್ ಪೌಡರಿಗೆ ನೀರಲ್ಲಿ ಕರಗಿಸಿದ ಗೋಂದು ಸೇರಿಸಿ ಮೆಹಂದಿಯ ಹದಕ್ಕೆ ತಂದು, ಮೆಹಂದಿ ಕೋನಿಗೇ ತುಂಬಿ ಹಲಗೆಯ ಅಂಚಿಗೆ ಬಳ್ಳಿ, ಪಟ್ಟೆಯ ಅಂಚಿಗೆ ಚುಕ್ಕಿ ಹಾಕಿ. ಚುಕ್ಕಿಗೆ ಬಾಲ ಬಂದರೆ ಹದ ತೆಳುವಾಗಿದೆ. ಕೋನು ಸೀದಾ ಮೇಲೆತ್ತುವ ಮುನ್ನ ಕೈ ಒತ್ತು ಬಿಡಿ.

ಬಣ್ಣ

ಅಕ್ರಿಲಿಕ್ ಇದ್ದರೆ ಒಳ್ಳೆಯದು, ಪೋಸ್ಟರ್ ಬಣ್ಣವೂ ನಡೆಯುತ್ತದೆ. ಹಳೆಯ ಕಾಲದ ಹರಿತಾಳ, ಸಿಂಧೂರವನ್ನು ‘ಅಸಲಿ ಬಣ್ಣ’ ಎಂದು ಹುಡುಕಿಕೊಂಡು ಹೋಗಬೇಡಿ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಸೀಸ. ಕೆಮ್ಮಣ್ಣಿನ ಕಾವಿ ಮಾತ್ರ ಧಾರಾಳವಾಗಿ ಬಳಸಿ, ಪೀಠಕ್ಕೆ ಅದಕ್ಕಿಂತ ಒಪ್ಪುವ ಬಣ್ಣವಿಲ್ಲ.

ನೆರಳು ಬೆಳಕು ಬಿಡಿಸಿ ನಿಜವಾದ ಗಿಡದಂತೆ ಮಾಡಲು ಹೋಗಬೇಡಿ. ಸಪಾಟು ಬಣ್ಣ, ಮೇಲೆ ಗೆರೆ. ಎಲೆಗೆ ಗಿಳಿಹಸಿರು, ದಂಟಿಗೆ ನಿಂಬೆಹಳದಿ, ಕಾಂಡಕ್ಕೆ ಹಳದಿ ಬೆರೆತ ಹಸಿರು ಮತ್ತು ಅಲ್ಲಲ್ಲಿ ಕಾವಿಯ ಉದ್ದ ಗೀಟು. ಕಾಯಿ ಹಸಿರಿದ್ದರೆ ಎಲೆಯಲ್ಲಿ ಕರಗಿಹೋಗುತ್ತದೆ, ಹಾಗಾಗಿ ಹಳದಿ. ತುದಿಗೊಂದು ಕಪ್ಪು ಚುಕ್ಕಿ. ಹೂವಿನ ಹೊರಮೈ ಬದನೆಬಣ್ಣ, ಬಿಚ್ಚಿದ ದಳದ ಒಳಮೈ ಕುಂಕುಮ ಕೆಂಪು. ತಿಳಿ ಬಣ್ಣ ಮೊದಲು, ಗಾಢ ಆಮೇಲೆ, ಕಪ್ಪು ಗೆರೆ ಎಲ್ಲಕ್ಕಿಂತ ಕೊನೆಗೆ, 1ನೇ ನಂಬರಿನ ಕುಂಚದಲ್ಲಿ, ಉಸಿರು ಹಿಡಿದು ಒಂದೇ ಎಳೆತಕ್ಕೆ. ತಿದ್ದಿದ ಗೆರೆ ತಿದ್ದಿದಂತೆಯೇ ಕಾಣುತ್ತದೆ. ಅದಕ್ಕಿಂತ ತುಸು ವಕ್ರ ಗೆರೆ ಮೇಲು.

ವಾರ್ನಿಷಿಗೆ ಮುನ್ನ ಮೂರು ದಿನ ಬಿಡಿ; ತೇವ ಉಳಿದಿದ್ದರೆ ವಾರ್ನಿಷಿನಡಿ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಪೋಸ್ಟರ್ ಬಣ್ಣಕ್ಕೆ ನೀರಿನ ವಾರ್ನಿಷ್ ಹಚ್ಚಿದರೆ ಕಪ್ಪು ಗೆರೆಯೆಲ್ಲ ಹಳದಿಗೆ ಇಳಿಯುತ್ತದೆ. ಅದಕ್ಕೆ ಸ್ಪ್ರೇ ಡಬ್ಬಿಯದು ಬೇಕು, ಒಂದು ಅಡಿ ದೂರದಿಂದ, ಎರಡು ತೆಳು ಕೋಟು. ಅಕ್ರಿಲಿಕ್ಕಿಗೆ ಯಾವುದಾದರೂ ಸರಿ.

ಕೊನೆಗೆ ನೆತ್ತಿಯನ್ನು ಬೆರಳಿನಿಂದ ಗೊನೆಯ ಕಡೆಗೆ ಒಂದು ಇಂಚು ಬಾಗಿಸಿ ಬಿಡಿ. ಗಿಡ ತೂಗಾಡಿ ನಿಂತರೆ ಸರಿ. ಪೀಠದ ಹಿಂಬದಿ ಮೇಲೆದ್ದರೆ ಹಲಗೆಯ ಅಡಿಗೆ, ಮರಿಗಳ ಕಡೆ, ಒಂದು ಕಬ್ಬಿಣದ ಪಟ್ಟಿ ಸ್ಕ್ರೂ ಹಾಕಿ ಭಾರ ಕೊಡಿ.

ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಬೆವರುತ್ತದೆ. ಪತ್ರಿಕೆಯ ಮಸಿ ವಾರ್ನಿಷಿಗೆ ಅಂಟುತ್ತದೆ. ಹಳೆಯ ಪಂಚೆಯ ಇನ್ನರ್ಧ ಉಳಿದಿದೆಯಲ್ಲ, ಅದರಲ್ಲಿ ಸಡಿಲವಾಗಿ ಸುತ್ತಿ, ನಾಲ್ಕು ಲವಂಗ ಹಾಕಿ, ಪೀಠವನ್ನು ಪೆಟ್ಟಿಗೆಯ ತಳಕ್ಕೆ ಕಟ್ಟಿ ನಿಂತಂತೆಯೇ ಇಡಿ. ಮಲಗಿಸಿದರೆ ಗೊನೆಯ ಭಾರಕ್ಕೆ ನೆತ್ತಿಯ ಕೊರಳು ಬಿರಿಯುತ್ತದೆ.